ಬೈಗುಳವೇ ಬಿರುದಾದ ಊರು

ಕಾದಂಬರಿಯೊಂದರ ಹೆಸರನ್ನು ಫುಟ್‌ಬಾಲ್ ತಂಡಕ್ಕೆ ಇಟ್ಟ ಊರು ಲೋಕದಲ್ಲಿ ಎಲ್ಲಾದರೂ ಉಂಟೆ ಎಂದು ಯಾರಾದರೂ ಕೇಳಿದರೆ ಸಾಹಿತ್ಯಪ್ರಿಯರಾದ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಉಂಟು. ಬ್ರೆಜಿಲ್ ದೇಶದಲ್ಲಿ, ಸಾವೊ ಪೌಲೊ ಮಹಾನಗರದಿಂದ ಸುಮಾರು 100 ಕಿಲೋಮೀಟರು ಒಳನಾಡಿಗೆ ಸರಿದರೆ ಕಂಪೀನಾಸ್ ಎಂಬ ಊರು ಸಿಗುತ್ತದೆ. ಅಲ್ಲಿಯ ಒಂದು ತಂಡದ ಹೆಸರು ಗ್ವಾರಾನಿ. ಈ ಹೆಸರು ಮೊದಲು ಒಂದು ಕಾದಂಬರಿಯದಾಗಿತ್ತು. ಕಾದಂಬರಿಯಿಂದ ಸಂಗೀತ ನಾಟಕಕ್ಕೆ ಬಂತು. ಸಂಗೀತ ನಾಟಕದಿಂದ ಬೀದಿಯ ಹುಡುಗರ ಚೆಂಡಿಗೆ ಅಂಟಿಕೊಂಡಿತು. ನಾನು ಆಟದ ಮೈದಾನದ ಮನುಷ್ಯನಲ್ಲ. ಹೆಸರುಗಳ ಬೆನ್ನು ಹತ್ತಿ ಹೋಗುವ ಚಟ ಮಾತ್ರ ನನಗಿದೆ. ಆ ಚಟವೇ ನನ್ನನ್ನು ಕಂಪೀನಾಸಿನ ಚರಿತ್ರೆಯೊಳಕ್ಕೆ ಎಳೆದೊಯ್ದಿತು. ಅಲ್ಲಿ ಕಂಡದ್ದು ಬರೀ ಆಟದ ಕಥೆಯಲ್ಲವಾದ್ದರಿಂದ ಈ ಹೊತ್ತು ನಿಮ್ಮ ಮುಂದೆ ಅದನ್ನು ಇಡುತ್ತಿದ್ದೇನೆ.

ಕಾದಂಬರಿಯಿಂದಲೇ ಆರಂಭಿಸೋಣ. ಜೋಸೆ ಡಿ ಅಲೆಂಕಾರ್ ಎಂಬಾತ 1857ರಲ್ಲಿ ರಿಯೊ ಡಿ ಜನೈರೊ ನಗರದ ದಿನಪತ್ರಿಕೆಯೊಂದರಲ್ಲಿ ‘ಓ ಗ್ವಾರಾನಿ’ ಎಂಬ ಕಥೆಯನ್ನು ಧಾರಾವಾಹಿಯಾಗಿ ಬರೆದ. ಹದಿನೇಳನೆಯ ಶತಮಾನದ ಆದಿಯಲ್ಲಿ ನಡೆಯುವ ಕಥೆ. ಕಾಡಿನ ನಡುವೆ ಕೋಟೆಯಂಥ ಮನೆ ಕಟ್ಟಿಕೊಂಡ ಪೋರ್ಚುಗೀಸ್ ಕುಲೀನ. ಅವನ ಮಗಳು ಸೆಸೀಲಿಯಾ. ಆಕೆಯನ್ನು ದೇವತೆಯೆಂದು ಭಾವಿಸಿ ತನ್ನ ಕುಲವನ್ನೂ ತಾಯಿಯನ್ನೂ ತೊರೆದು ಬಂದು ಕಾವಲು ನಿಂತ ಆದಿವಾಸಿ ತರುಣ ಪೆರಿ. ಕೊನೆಗೆ ಮನೆ ಶತ್ರುಗಳ ಸಮೇತ ಸಿಡಿದು ಹೋಗುತ್ತದೆ, ನದಿ ಉಕ್ಕುತ್ತದೆ. ಪೆರಿ ಒಂದು ತಾಳೆಮರವನ್ನು ಬೇರುಸಹಿತ ಕಿತ್ತು ತೆಪ್ಪ ಮಾಡಿ ಆಕೆಯನ್ನು ಪ್ರವಾಹದ ಮೇಲೆ ತೇಲಿಸಿಕೊಂಡು ಹೋಗುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಅವರು ದಡ ಸೇರಿದರೋ ಇಲ್ಲವೋ ಲೇಖಕ ಹೇಳುವುದಿಲ್ಲ. ಜಲಪ್ರಳಯದ ಮೇಲೆ ತೇಲುವ ಒಂದು ಗಂಡು, ಒಂದು ಹೆಣ್ಣು. ಹೊಸ ಜನಾಂಗವೊಂದರ ಬೀಜ ಇದೇ ಎಂದು ಓದುಗ ಅರ್ಥ ಮಾಡಿಕೊಳ್ಳಬೇಕು. 1822ರಲ್ಲಷ್ಟೆ ಸ್ವತಂತ್ರವಾಗಿದ್ದ ದೇಶಕ್ಕೆ ಇಂಥದೊಂದು ಪುರಾಣ ಬೇಕಾಗಿತ್ತು.

ಒಂದು ಸಣ್ಣ ಸಂಗತಿ ಇಲ್ಲಿ ಹೇಳಬೇಕು. ಕಾದಂಬರಿಯ ಪೆರಿ ಗ್ವಾರಾನಿ ಕುಲದವನೇ ಅಲ್ಲ. ಗೋಯ್ಟಕಾ ಎಂಬ ಬೇರೊಂದು ಕುಲದವನು. ಅಲೆಂಕಾರ್ ‘ಗ್ವಾರಾನಿ’ ಎಂಬ ಮಾತನ್ನು ಆದಿವಾಸಿಗಳಿಗೆಲ್ಲ ಒಂದೇ ಹೊದಿಕೆ ಎಂಬಂತೆ ಬಳಸಿದ. ನಗರದಲ್ಲಿ ಕುಳಿತು ಕಾಡನ್ನು ಬರೆಯುವವರಿಗೆ ಎಲ್ಲ ಮರಗಳೂ ಒಂದೇ ಹಸುರಾಗಿ ಕಾಣುವುದುಂಟು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕಾಡಿನ ಮನುಷ್ಯನನ್ನು ಇಷ್ಟು ಉದಾತ್ತನನ್ನಾಗಿ ಚಿತ್ರಿಸಿದ ಈ ಲೇಖಕನೇ 1867ರ ಸುಮಾರಿಗೆ, ಗುಲಾಮಗಿರಿಯನ್ನು ತರಾತುರಿಯಲ್ಲಿ ತೆಗೆದುಹಾಕಕೂಡದೆಂದು ವಾದಿಸಿ ಚಕ್ರವರ್ತಿಗೆ ಬಹಿರಂಗ ಪತ್ರಗಳನ್ನು ಬರೆದ. ವಿರೋಧಾಭಾಸವೆಂದು ನಮಗೆ ತೋರುತ್ತದೆ. ಆ ಕಾಲದ ಬ್ರೆಜಿಲಿನ ಸುಶಿಕ್ಷಿತರಿಗೆ ಹಾಗೆ ತೋರಲಿಲ್ಲ. ಆದಿವಾಸಿ ದೂರದಲ್ಲಿದ್ದ, ಗತಕಾಲದಲ್ಲಿದ್ದ. ಅವನನ್ನು ಪ್ರೀತಿಸಿದರೆ ಖರ್ಚೇನೂ ಬೀಳುತ್ತಿರಲಿಲ್ಲ. ಕರಿಯ ಗುಲಾಮ ಅಡುಗೆಮನೆಯಲ್ಲಿದ್ದ, ತೋಟದಲ್ಲಿದ್ದ, ಲೆಕ್ಕದ ಪುಸ್ತಕದಲ್ಲಿದ್ದ.

ಈಗ ಕಂಪೀನಾಸಿಗೆ ಬರೋಣ. ಆ ಊರಿನಲ್ಲಿ 1836ರಲ್ಲಿ, ಬ್ಯಾಂಡ್ ಮೇಳದ ಯಜಮಾನನೊಬ್ಬನ ಮನೆಯಲ್ಲಿ ಕಾರ್ಲೊಸ್ ಗೋಮೆಸ್ ಹುಟ್ಟಿದ. ಬಿಳಿಯ, ಕರಿಯ ಎರಡೂ ರಕ್ತ ಬೆರೆತ ಮನೆತನ. ಹುಡುಗ ಮನೆ ಬಿಟ್ಟು ರಿಯೊಗೆ ಓಡಿದ, ಚಕ್ರವರ್ತಿ ಎರಡನೆಯ ಪೇದ್ರೊನ ಆಶ್ರಯ ದೊರೆತು ಇಟಲಿಯ ಮಿಲಾನಿಗೆ ಹೋದ. ಅಲ್ಲಿ ಅಲೆಂಕಾರನ ಕಾದಂಬರಿಯನ್ನು ಆಧರಿಸಿ ‘ಇಲ್ ಗ್ವಾರಾನಿ’ ಎಂಬ ಸಂಗೀತ ನಾಟಕವನ್ನು ರಚಿಸಿದ. 1870ರ ಮಾರ್ಚ್ 19ರಂದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಅದರ ಪ್ರಥಮ ಪ್ರಯೋಗ ನಡೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ, ಚಕ್ರವರ್ತಿಯ ಹುಟ್ಟುಹಬ್ಬದ ದಿನ, ರಿಯೊದಲ್ಲಿ ಆಡಿದರು. ಬ್ರೆಜಿಲಿನ ಕಾಡಿನ ನಾಯಕ ಇಟಾಲಿಯನ್ ಭಾಷೆಯಲ್ಲಿ ಹಾಡಿದ! ಆದರೂ ದೇಶ ಅದನ್ನು ತನ್ನದೆಂದು ಎದೆಗಪ್ಪಿಕೊಂಡಿತು. ಬಾನುಲಿಯ ಮಾತಾದ್ದರಿಂದ ಇದನ್ನು ಹೇಳದೆ ಹೋಗಲಾರೆ: 1930ರ ದಶಕದಲ್ಲಿ ಆರಂಭವಾದ ಬ್ರೆಜಿಲ್ ಸರ್ಕಾರದ ರೇಡಿಯೊ ವಾರ್ತಾ ಕಾರ್ಯಕ್ರಮ ತೆರೆದುಕೊಳ್ಳುವುದು ಇದೇ ನಾಟಕದ ಪೂರ್ವರಂಗದ ವಾದ್ಯಗೋಷ್ಠಿಯಿಂದ. ಅನೇಕ ದಶಕಗಳ ಕಾಲ ಸಂಜೆ ಏಳು ಹೊಡೆದೊಡನೆ ದೇಶದ ಎಲ್ಲ ರೇಡಿಯೊಗಳಿಂದಲೂ ಗೋಮೆಸನ ಕಹಳೆಗಳೇ ಕೇಳುತ್ತಿದ್ದವು. ಅಲೆಂಕಾರನನ್ನು ಓದದವರಿಗೂ ‘ಗ್ವಾರಾನಿ’ಯ ಸ್ವರ ಗೊತ್ತು, ಆ ಸ್ವರ ಬಂದೊಡನೆ ರೇಡಿಯೊ ನಿಲ್ಲಿಸುವುದೂ ಗೊತ್ತು ಎಂದು ಅಲ್ಲಿಯವರೇ ನಗುತ್ತಾರೆ.

ಗೋಮೆಸನ ಇನ್ನೊಂದು ನಾಟಕದ ಕಥೆ ಇನ್ನೂ ಅರ್ಥಪೂರ್ಣವಾದದ್ದು. ಗುಲಾಮಗಿರಿಯ ವಿರುದ್ಧ ಹಾಡಬೇಕೆಂದು ಆತ ‘ಲೋ ಸ್ಕಿಯಾವೊ’, ಎಂದರೆ ‘ಗುಲಾಮ’, ಎಂಬ ಕೃತಿಗೆ ಕೈಹಾಕಿದ. ಗೆಳೆಯ ಟೊನೆ ಎಂಬ ಲೇಖಕ ಒದಗಿಸಿದ ಮೂಲ ಕಥಾವಸ್ತುವಿನಲ್ಲಿ ಇದ್ದವರು ಆಫ್ರಿಕದ ಕರಿಯ ಗುಲಾಮರು. ನಾಟಕ ಸಿದ್ಧವಾಗಿ 1889ರಲ್ಲಿ ರಿಯೊದ ರಂಗಕ್ಕೆ ಏರುವ ಹೊತ್ತಿಗೆ ಕಥೆ ಹದಿನಾರನೆಯ ಶತಮಾನಕ್ಕೆ ಹಿಂದೆ ಸರಿದಿತ್ತು, ಕರಿಯ ಗುಲಾಮನಿದ್ದ ಜಾಗದಲ್ಲಿ ಆದಿವಾಸಿ ಗುಲಾಮ ನಿಂತಿದ್ದ. ಸಂಗೀತ ನಾಟಕದ ನಾಯಕನಾಗಿ ಕರಿಯನನ್ನು ಒಪ್ಪಿಕೊಳ್ಳುವಷ್ಟು ರಂಗಭೂಮಿ ಬೆಳೆದಿರಲಿಲ್ಲ. ಆದಿವಾಸಿಯ ಗರಿಯ ಕಿರೀಟ ರಂಗಕ್ಕೆ ಒಪ್ಪುತ್ತಿತ್ತು. ಕರಿಯನ ಬರಿಯ ಬೆನ್ನು ಒಪ್ಪುತ್ತಿರಲಿಲ್ಲ. ಮುಂದೆ ಬರುವ ಎರಡು ತಂಡಗಳ ಕಥೆಗೆ ಇದೇ ಪೀಠಿಕೆಯೆಂದು ನಾನು ತಿಳಿಯುತ್ತೇನೆ.

ಏಕೆಂದರೆ ಕಂಪೀನಾಸ್ ಕಾಫಿಯ ಊರು, ಕಾಫಿಗೆ ಮುಂಚೆ ಕಬ್ಬಿನ ಊರು. ಎರಡೂ ಗುಲಾಮರ ಬೆವರಿನಿಂದ ಬೆಳೆದ ಬೆಳೆಗಳು. ಬ್ರೆಜಿಲಿನಲ್ಲಿ ಹಿಮ ಬಿತ್ತೆಂದರೆ ಚಿಕ್ಕಮಗಳೂರು, ಕೊಡಗುಗಳ ಬೆಳೆಗಾರರು ಪತ್ರಿಕೆಯ ಧಾರಣೆಯ ಅಂಕಣಕ್ಕೆ ಕಣ್ಣು ಹಾಯಿಸುವುದನ್ನು ನಾವು ಬಲ್ಲೆವಷ್ಟೆ. ಆ ಕಾಫಿಯ ಸಾಮ್ರಾಜ್ಯ ಹತ್ತೊಂಬತ್ತನೆಯ ಶತಮಾನದ ನಡುವೆ ನೆಲೆಯೂರಿದ ಪ್ರದೇಶಗಳಲ್ಲಿ ಇದು ಮುಖ್ಯವಾದುದು. ಸಾವೊ ಪೌಲೊ ಪ್ರಾಂತ್ಯದಲ್ಲಿ ಅತಿ ಹೆಚ್ಚು ಗುಲಾಮರಿದ್ದ ಊರುಗಳ ಸಾಲಿನಲ್ಲಿ ಕಂಪೀನಾಸಿನದು ಮುಂಚೂಣಿಯ ಸ್ಥಾನ. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ಕೊನೆಗೊಂಡದ್ದು 1888ರ ಮೇ 13ರಂದು. ಅಮೆರಿಕ ಖಂಡಗಳಲ್ಲೆಲ್ಲ ಅದೇ ಕಟ್ಟಕಡೆಯ ದೇಶ. ಕಾಫಿಯ ಹಿಂದೆಯೇ ರೈಲು ಬಂತು. 1872ರಲ್ಲಿ ಕಂಪೀನಾಸಿಗೆ ಹಳಿ ತಲುಪಿತು, ಅಲ್ಲಿಂದ ಒಳನಾಡಿಗೆ ಇನ್ನೊಂದು ಕಂಪನಿಯ ಹಳಿ ಹೊರಟಿತು. ತೋಟಗಳಲ್ಲಿ ದುಡಿಯಲು ಇಟಲಿಯಿಂದ ವಲಸೆಗಾರರ ಸಂಸಾರಗಳು ಬಂದಿಳಿದವು. 1889ರಲ್ಲಿ ಹಳದಿ ಜ್ವರ ಬಡಿದು ಊರು ಹಾಳು ಸುರಿಯಿತು. ಬದುಕಿದವರು ಊರ ಲಾಂಛನದಲ್ಲಿ ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿಯನ್ನು ಬರೆಸಿಕೊಂಡರು.

ಆ ರೈಲುಹಾದಿಯಲ್ಲಿ ಒಂದು ಮರದ ಸೇತುವೆಯಿತ್ತು. ಮಳೆಗೆ ಮರ ಕೊಳೆಯದಿರಲೆಂದು ಅದಕ್ಕೆ ಡಾಂಬರು ಬಳಿದಿದ್ದರು. ಕಪ್ಪಾದ ಸೇತುವೆಗೆ ಜನ ಕರೆದ ಹೆಸರು ‘ಪೊಂಚಿ ಪ್ರೆತಾ’, ಕರಿಸೇತುವೆ. ನಮ್ಮ ಕಿವಿಗೆ ‘ಪ್ರೇತ’ವೆಂದು ಕೇಳಿ ತುಸು ಬೆಚ್ಚುವಂತಾಗುತ್ತದೆ, ಪೋರ್ಚುಗೀಸಿನಲ್ಲಿ ಅದು ಬರಿಯ ಕಪ್ಪು. ಸೇತುವೆಯಿಂದ ಕೇರಿಗೆ ಹೆಸರು ಬಂತು. ಆ ಕೇರಿಯ ಹುಡುಗರು 1900ರ ಆಗಸ್ಟ್ 11ರಂದು ತಮ್ಮದೊಂದು ಫುಟ್‌ಬಾಲ್ ಸಂಘ ಕಟ್ಟಿ ಅದೇ ಹೆಸರಿಟ್ಟರು. ಬ್ರೆಜಿಲಿನಲ್ಲಿ ಇಂದಿಗೂ ಉಸಿರಾಡುತ್ತಿರುವ ಅತಿ ಹಳೆಯ ಫುಟ್‌ಬಾಲ್ ಸಂಘಗಳಲ್ಲಿ ಇದೂ ಒಂದು. ದಕ್ಷಿಣದ ರಿಯೊ ಗ್ರಾಂಡೆ ಸಂಘ ಇದಕ್ಕಿಂತ ಹಿರಿಯದು, ಅದೂ ಒಂದು ತಿಂಗಳಿನಷ್ಟೇ ಅಂತರದಿಂದ. ಪೊಂಚಿ ಪ್ರೆತಾದ ಸ್ಥಾಪಕರಲ್ಲಿ ಮಿಗೆಲ್ ದೊ ಕಾರ್ಮೊ ಎಂಬ ಕರಿಯ ತರುಣನಿದ್ದ, ರೈಲ್ವೆಯ ನೌಕರ. ಮೊದಲ ವರ್ಷಗಳಲ್ಲಿ ಆತ ಮೈದಾನಕ್ಕೂ ಇಳಿದ. ಗುಲಾಮಗಿರಿ ಹೋಗಿ ಹನ್ನೆರಡೇ ವರ್ಷ ಆಗಿದ್ದ ಊರಿನಲ್ಲಿ ಬಿಳಿಯರೂ ಕರಿಯರೂ ಒಂದೇ ಅಂಗಿ ತೊಟ್ಟು ಒಂದೇ ಚೆಂಡಿನ ಹಿಂದೆ ಓಡಿದರು. ಬ್ರೆಜಿಲಿನಲ್ಲಿ ಕರಿಯರಿಗೆ ಬಾಗಿಲು ತೆರೆದ ಮೊಟ್ಟಮೊದಲ ತಂಡ ತನ್ನದೇ ಎಂದು ಪೊಂಚಿ ಪ್ರೆತಾ ಹೇಳಿಕೊಳ್ಳುತ್ತದೆ. ಈ ಹಿರಿಮೆಗೆ ರಿಯೊದ ಬಂಗು ಮೊದಲಾದ ಬೇರೆ ಹಕ್ಕುದಾರರೂ ಇದ್ದಾರೆ, ಪಂಡಿತರು ಜಗಳವಾಡುತ್ತಾರೆ. ಯಾರು ಮೊದಲು ಎಂಬುದಕ್ಕಿಂತ ಇದು ಎಷ್ಟು ಅಪರೂಪವಾಗಿತ್ತು ಎಂಬುದು ನನಗೆ ಮುಖ್ಯವೆನಿಸುತ್ತದೆ. ಇದಾಗಿ ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1924ರಲ್ಲಿ, ರಿಯೊದ ದೊಡ್ಡ ಸಂಘಗಳು ಕೂಡಿ, ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ವಾಸ್ಕೊ ತಂಡಕ್ಕೆ ಅದರ ಹನ್ನೆರಡು ಆಟಗಾರರನ್ನು ಕೈಬಿಟ್ಟರೆ ಮಾತ್ರ ತಮ್ಮ ಪಂಗಡಕ್ಕೆ ಪ್ರವೇಶವೆಂದು ಷರತ್ತು ಹಾಕಿದವು. ಆ ಹನ್ನೆರಡು ಮಂದಿ ಕರಿಯರು, ಮಿಶ್ರ ವರ್ಣದವರು, ಬಡವರು. ವಾಸ್ಕೊ ಒಲ್ಲೆನೆಂದು ಪತ್ರ ಬರೆಯಿತು.

ಇನ್ನು ಗ್ವಾರಾನಿ. 1911ರ ಏಪ್ರಿಲಿನಲ್ಲಿ, ಕಾರ್ಲೊಸ್ ಗೋಮೆಸನ ಹೆಸರಿನ ಚೌಕದಲ್ಲಿ, ಹನ್ನೆರಡು ಮಂದಿ ಹುಡುಗರು ಸಭೆ ಸೇರಿದರು. ಇಟಲಿಯಿಂದ ಬಂದ ಸಂಸಾರಗಳ ಮಕ್ಕಳು ಅವರಲ್ಲಿ ಪ್ರಮುಖರು. ಕುಳಿತ ಚೌಕ ಗೋಮೆಸನದು, ಊರು ಗೋಮೆಸನದು. ಆತನ ಮಹಾಕೃತಿಯ ಹೆಸರಿಗಿಂತ ಬೇರೆ ಹೆಸರು ಬೇಕೆ? ತಂಡ ಹುಟ್ಟಿದ್ದು ವಾಸ್ತವವಾಗಿ ಏಪ್ರಿಲ್ 1ರಂದು ಎನ್ನುತ್ತಾರೆ. ಮೂರ್ಖರ ದಿನ ಹುಟ್ಟಿದ ತಂಡವೆಂದು ಎದುರಾಳಿಗಳು ಜನ್ಮಪೂರ್ತಿ ಆಡಿಕೊಳ್ಳುವರಲ್ಲ ಎಂದು ಹೆದರಿ ದಾಖಲೆಯಲ್ಲಿ ಏಪ್ರಿಲ್ 2 ಎಂದು ಬರೆಸಿದರಂತೆ. ನಗೆಗೆ ಇಷ್ಟು ಅಂಜಿದವರನ್ನು ನಗೆ ಬಿಡುತ್ತದೆಯೆ? ಬೇರೊಂದು ದಾರಿಯಿಂದ ಬಂತು.

ಎದುರಾಳಿಗಳು ಅವರನ್ನು ‘ಬೂಗ್ರೆ’ಗಳು ಎಂದರು. ಈ ಮಾತಿನ ವಂಶಾವಳಿ ಕೇಳಿದರೆ ಭಾಷಾಪ್ರಿಯರಿಗೆ ಆಶ್ಚರ್ಯವಾದೀತು. ಮಧ್ಯಯುಗದ ಯುರೋಪಿನಲ್ಲಿ ಬಲ್ಗೇರಿಯ ದೇಶದ ಕಡೆಯ ಒಂದು ಪಂಥವನ್ನು ಚರ್ಚು ಪಾಷಂಡಮತವೆಂದು ಸಾರಿತ್ತು. ಆದ್ದರಿಂದ ‘ಬಲ್ಗೇರಿಯದವನು’ ಎಂಬ ಲ್ಯಾಟಿನ್ ಮಾತಿಗೆ ‘ಪಾಷಂಡಿ’ ಎಂಬ ಅರ್ಥ ಹತ್ತಿತು. ಅದು ಫ್ರೆಂಚ್ ಭಾಷೆಗೆ ಹೋಗಿ ಬೈಗುಳವಾಯಿತು, ಪೋರ್ಚುಗೀಸಿಗೆ ಬಂದು ಸಮುದ್ರ ದಾಟಿ ಬ್ರೆಜಿಲಿನ ಆದಿವಾಸಿಯ ಮೈಮೇಲೆ ಬಿತ್ತು: ‘ಬೂಗ್ರೆ’, ಎಂದರೆ ದೇವರಿಲ್ಲದವನು, ಕಾಡುಜನ. ಡಾನ್ಯೂಬ್ ತೀರದ ಒಂದು ಜನಾಂಗದ ಹೆಸರು ಅದನ್ನು ಕಂಡು ಕೇಳದ ಜನರಿಗೆ ನಿಂದೆಯಾಗಿ ತಗುಲಿಕೊಂಡಿತು.

ಇದು ಬರಿಯ ಮಾತಿನ ನಿಂದೆಯಾಗಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಕಂಪೀನಾಸಿನ ಹುಡುಗರು ಚೌಕದಲ್ಲಿ ಕುಳಿತು ‘ಗ್ವಾರಾನಿ’ ಎಂಬ ಚೆಲುವಾದ ಹೆಸರನ್ನು ಆರಿಸುತ್ತಿದ್ದ ಹೊತ್ತಿನಲ್ಲಿ, ಅದೇ ರಾಜ್ಯದ ಪಶ್ಚಿಮ ಭಾಗದಲ್ಲಿ ಕಾಡು ಸೀಳಿಕೊಂಡು ಹೊಸ ರೈಲುಹಾದಿ ಸಾಗುತ್ತಿತ್ತು. ಬೌರು ಎಂಬ ಊರಿನಿಂದ 1905ರಲ್ಲಿ ಕೆಲಸ ಆರಂಭವಾದ ಹಾದಿ. ಅದು ಹಾಯುತ್ತಿದ್ದ ನೆಲ ಕಾಯಿಂಗಾಂಗ್ ಆದಿವಾಸಿಗಳದು. ಅವರು ಎದುರು ನಿಂತರು. ಅವರನ್ನು ಬೇಟೆಯಾಡಲು ಕೂಲಿಗೆ ಸಿಗುವ ಜನರ ಗುಂಪುಗಳಿದ್ದವು. ಆ ಬೇಟೆಗಾರರಿಗೆ ‘ಬೂಗ್ರೇರೊ’ ಎಂದೇ ಹೆಸರು, ಬೂಗ್ರೆಗಳನ್ನು ಕೊಲ್ಲುವವರು. ರಾತ್ರಿ ಹೊಂಚಿದ್ದು ಬೆಳಗಿನ ಜಾವಕ್ಕೆ ಹಟ್ಟಿಗಳ ಮೇಲೆ ಬೀಳುವುದು ಅವರ ಕ್ರಮ. 1910ರಲ್ಲಿ ರೊಂಡೊನ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಸರ್ಕಾರ ಆದಿವಾಸಿ ರಕ್ಷಣೆಯ ಇಲಾಖೆಯೊಂದನ್ನು ತೆರೆಯಿತು. 1912ರಲ್ಲಿ ಕಾಯಿಂಗಾಂಗರೊಡನೆ ಶಾಂತಿಯಾಯಿತು. ಶಾಂತಿಯ ಬೆನ್ನಿಗೇ ರೋಗಗಳು ಬಂದು ಉಳಿದವರಲ್ಲಿ ಬಹಳ ಮಂದಿಯನ್ನು ಒಯ್ದವು. ರಂಗದ ಮೇಲೆ ಪೆರಿ ಹಾಡುತ್ತಿದ್ದ. ಕಾಡಿನಲ್ಲಿ ಅವನ ಬಂಧುಗಳಿಗೆ ಗುಂಡು ಬೀಳುತ್ತಿತ್ತು. ಎರಡಕ್ಕೂ ಹಣ ಹೊಂದುತ್ತಿದ್ದುದು ಕಾಫಿಯಿಂದ.

ಇಂಥ ಮಾತನ್ನು ಎದುರಾಳಿಗಳು ಎಸೆದಾಗ ಗ್ವಾರಾನಿಯ ಅಭಿಮಾನಿಗಳು ಮಾಡಿದ್ದೇನು? ಹೌದು, ನಾವು ಬೂಗ್ರೆಗಳೇ ಎಂದರು. ತಂಡದ ಮುದ್ದಿನ ಹೆಸರು ಇಂದಿಗೂ ‘ಬೂಗ್ರೆ’, ಅಭಿಮಾನಿಗಳು ‘ಬೂಗ್ರೀನೊ’ಗಳು. ಪೊಂಚಿ ಪ್ರೆತಾದವರ ಕಥೆಯೂ ಇದೇ, ಇನ್ನೂ ಉಗ್ರವಾಗಿ. ಅವರ ತಂಡ ಪರವೂರಿಗೆ ಹೋದಾಗ ಬೆನ್ನಿಗೆ ಹೋಗುತ್ತಿದ್ದ ಜನಸಂದಣಿಯಲ್ಲಿ ಕರಿಯರು ಹೆಚ್ಚು. ಅವರನ್ನು ಕಂಡು ಎದುರು ಊರಿನವರು ಕೋತಿಗಳೆಂದು ಕೂಗಿದರು. ಕೇರಿಯ ಜನ ಸಿಟ್ಟಿಗೆದ್ದು ಆ ಮಾತನ್ನು ಹಿಂದಕ್ಕೆಸೆಯಲಿಲ್ಲ; ಮನೆಗೆ ತಂದು ಇಟ್ಟುಕೊಂಡರು. ತಂಡಕ್ಕೆ ‘ಮಕಾಕಾ’, ಹೆಣ್ಣುಕೋತಿ, ಎಂದೇ ಹೆಸರಾಯಿತು. ಬಾವುಟದ ಮೇಲೆ ಕೋತಿ ಬಂತು, ಹಾಡಿನಲ್ಲಿ ಬಂತು. ತಾಯಿಯನ್ನು ಕರೆಯುವಷ್ಟೇ ಅಕ್ಕರೆಯಿಂದ ಅವರು ತಂಡವನ್ನು ಮಕಾಕಾ ಎಂದು ಕರೆಯುತ್ತಾರೆ. ಬೈಗುಳವನ್ನು ಹೀಗೆ ಬಿರುದಾಗಿ ತೊಡುವುದರಿಂದ ಬೈಗುಳದ ವಿಷ ಇಳಿಯುತ್ತದೆಯೆ ಎಂದು ಕೇಳುವವರಿದ್ದಾರೆ. ಕಾಯಿಂಗಾಂಗ್ ಹಟ್ಟಿಯ ಒಬ್ಬ ಮುದುಕ ‘ಬೂಗ್ರೆ’ ಎಂಬ ಜಯಘೋಷ ಕೇಳಿದರೆ ಏನೆಂದುಕೊಂಡಾನು ಎಂಬ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. ಇಟಲಿಯವರ ಮಕ್ಕಳು ತೊಟ್ಟ ಬೈಗುಳ ಎರವಲಿನದು. ಕರಿಸೇತುವೆಯವರು ತೊಟ್ಟದ್ದು ತಮ್ಮದೇ ಮೈಮೇಲೆ ಬಿದ್ದದ್ದು. ಈ ವ್ಯತ್ಯಾಸವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

1912ರಲ್ಲಿ ಎರಡು ತಂಡಗಳೂ ಮೊದಲ ಸಲ ಮುಖಾಮುಖಿಯಾದವು. ಅಂದಿನಿಂದ ಊರು ಎರಡಾಗಿದೆ. ಪೊಂಚಿ ಪ್ರೆತಾದ ಕ್ರೀಡಾಂಗಣ 1948ರಲ್ಲಿ ತೆರೆಯಿತು. ಅದನ್ನು ಕಟ್ಟಲು ಅಭಿಮಾನಿಗಳು ಇಟ್ಟಿಗೆ ಹೊತ್ತು ತಂದುಕೊಟ್ಟರು, ರಜೆಯ ದಿನ ಕೈಯಾರೆ ದುಡಿದರು. ಆ ಕೆಲಸದ ಮುಂದಾಳಾಗಿದ್ದ ಮೊಯ್ಸೇಸ್ ಲುಕರೆಲ್ಲಿಯ ಹೆಸರನ್ನೇ ಅದಕ್ಕಿಟ್ಟರು. ಗ್ವಾರಾನಿಯವರದು 1953ರಲ್ಲಿ ತೆರೆಯಿತು. ಅದರ ದುಂಡನೆಯ ನಕ್ಷೆ ಕಂಡ ಪತ್ರಕರ್ತನೊಬ್ಬ, ‘ಪಶ್ಚಿಮದ ರಾಜಕುಮಾರಿ’ ಎಂದು ಹೆಸರಾಂತ ಊರಿಗೆ ಇದು ಚಿನ್ನದ ಕಿವಿಯೋಲೆ ಎಂದನಂತೆ. ಆ ಮಾತೇ ನಿಂತಿತು: ‘ರಾಜಕುಮಾರಿಯ ಚಿನ್ನದೋಲೆ’ ಎಂಬುದು ಇಂದಿಗೂ ಆ ಕ್ರೀಡಾಂಗಣದ ಅಧಿಕೃತ ಹೆಸರು. ಒಂದರಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲೇ ಹೋಗಿಬರಬಹುದು. ಇವು ಕಟ್ಟಿದ ಕಥೆಯಾದರೆ, ಕೆಡವಿದ ಕಥೆ ಇನ್ನೊಂದು. 1930ರಲ್ಲಿ ತೆರೆದು ಮುಂದೆ ಗೋಮೆಸನ ಹೆಸರನ್ನೇ ಹೊತ್ತ ಪುರಭವನ ರಂಗಮಂದಿರವನ್ನು ನಗರಾಡಳಿತ 1965ರಲ್ಲಿ ನೆಲಸಮ ಮಾಡಿತು. ‘ಗ್ವಾರಾನಿ’ಯನ್ನು ಬರೆದವನ ಸ್ವಂತ ಊರಿನಲ್ಲಿ ಅದನ್ನು ಹಾಡಬಹುದಾಗಿದ್ದ ಆ ಸೌಧ ಮಣ್ಣಾಯಿತು. ಆಮೇಲೆ ಸಾವಿರಾರು ಕಂಠಗಳು ಒಂದಾಗಿ ಆ ಹೆಸರು ಕೂಗಿದ್ದು ಚಿನ್ನದೋಲೆಯ ಮೆಟ್ಟಿಲುಗಳ ಮೇಲೆ.

1970ರ ದಶಕ ಈ ಎರಡು ತಂಡಗಳ ಸುವರ್ಣಯುಗ. 1970ರ ಜನಗಣತಿಯಲ್ಲಿ ಕಂಪೀನಾಸಿನ ಜನಸಂಖ್ಯೆ ಸುಮಾರು 3.75 ಲಕ್ಷ, ನೆರೆಯ ಸಾವೊ ಪೌಲೊ ನಗರದ್ದು 60 ಲಕ್ಷದ ಹತ್ತಿರ. ಹಣ, ಪತ್ರಿಕೆ, ಪ್ರಭಾವ ಎಲ್ಲವೂ ಅತ್ತಲೇ. ಅಂಥದರಲ್ಲಿ 1977ರ ಸಾವೊ ಪೌಲೊ ರಾಜ್ಯ ಚಾಂಪಿಯನ್‌ಷಿಪ್ಪಿನ ಫೈನಲಿಗೆ ಪೊಂಚಿ ಪ್ರೆತಾ ಬಂದು ನಿಂತಿತು. ಎದುರಾಳಿ ಕೊರಿಂಥಿಯನ್ಸ್, ಮಹಾನಗರದ ಬಡವರ ಆರಾಧ್ಯ ತಂಡ. 1954ರಿಂದ ಆ ಕಿರೀಟವಿಲ್ಲದೆ ಬಳಲಿತ್ತು. ಮೂರು ಪಂದ್ಯಗಳ ಫೈನಲ್. ಮೊದಲನೆಯದು ಕೊರಿಂಥಿಯನ್ಸಿಗೆ. ಎರಡನೆಯದಕ್ಕೆ ಸುಮಾರು 1,40,000 ಜನ ಸೇರಿದ್ದರು. ಆ ಸಮುದ್ರದ ನಡುವೆ ಪೊಂಚಿ ಪ್ರೆತಾ 2–1ರಿಂದ ಗೆದ್ದಿತು. ಮೂರನೆಯ ಪಂದ್ಯದ ಕೊನೆಯ ಹತ್ತು ನಿಮಿಷಗಳೊಳಗೆ ಬಸೀಲಿಯೊ ಹೊಡೆದ ಒಂದು ಗೋಲು ಕೊರಿಂಥಿಯನ್ಸಿನ ಇಪ್ಪತ್ತಮೂರು ವರ್ಷದ ಬಾಯಾರಿಕೆಯನ್ನು ತೀರಿಸಿತು, ಕರಿಸೇತುವೆಯವರ ಬಾಯಾರಿಕೆಯನ್ನು ಉಳಿಸಿತು. ಮರುವರ್ಷ ಬ್ರೆಜಿಲಿನ ವಿಶ್ವಕಪ್ ತಂಡಕ್ಕೆ ಈ ಕೇರಿಯಿಂದ ಮೂವರು ಆಯ್ಕೆಯಾದರು: ಗೋಲಿ ಕಾರ್ಲೊಸ್, ರಕ್ಷಕರಾದ ಆಸ್ಕರ್ ಮತ್ತು ಪೊಲೊಜಿ. ಗ್ವಾರಾನಿಯಿಂದ ಒಬ್ಬರೂ ಇಲ್ಲ.

ಆದರೆ ಆ 1978 ಗ್ವಾರಾನಿಯ ವರ್ಷ. ಆಗ ಸೇನಾಡಳಿತದ ಕಾಲ. ಸರ್ಕಾರದ ಪಕ್ಷಕ್ಕೆ ಎಲ್ಲಿ ಬೆಂಬಲ ಕುಸಿಯುತ್ತದೋ ಅಲ್ಲಿಯ ಒಂದು ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸ್ಥಾನ ಎಂದು ಜನ ಕುಹಕವಾಡುತ್ತಿದ್ದರು. ಆ ವರ್ಷ ಆಡಿದ ತಂಡಗಳ ಸಂಖ್ಯೆ 74, ಮರುವರ್ಷ 94. ಈ ಜಾತ್ರೆಯಲ್ಲಿ ಒಳನಾಡಿನ ತಂಡವೊಂದು ಕಡೆಯತನಕ ಬಂದೀತೆಂದು ಯಾರೂ ಎಣಿಸಿರಲಿಲ್ಲ. ತರಬೇತುದಾರ ಕಾರ್ಲೊಸ್ ಆಲ್ಬರ್ತೊ ಸಿಲ್ವ ಆಗ ಹೆಸರು ಮಾಡಿದವನಲ್ಲ. ಮಧ್ಯದಲ್ಲಿ ಜೆನೋನ್, ಅನುಭವಿ ಜೆ ಕಾರ್ಲೊಸ್. ಮುಂದೆ ಹದಿನೇಳು ವರ್ಷದ ಒಬ್ಬ ಹುಡುಗ, ಅಂತೋನಿಯೊ ಡಿ ಒಲಿವೇರಾ ಫಿಲ್ಯೊ. ಬಾಲ್ಯದಲ್ಲಿ ‘ಕರೆಕೀನ್ಯ’ ಎಂಬ ವಿದೂಷಕನ ಮೇಲೆ ಅವನಿಗೆ ಹುಚ್ಚು ಪ್ರೀತಿಯಂತೆ. ಆದ್ದರಿಂದ ತಲೆತುಂಬ ಕೂದಲಿದ್ದರೂ ಹೆಸರು ‘ಕರೇಕಾ’, ಬೋಳ. ಸೆಮಿಫೈನಲಿನಲ್ಲಿ ರಿಯೊದ ವಾಸ್ಕೊ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ ಗ್ವಾರಾನಿ ಫೈನಲಿಗೆ ಬಂತು. ಎದುರಿಗೆ ಸಾವೊ ಪೌಲೊ ನಗರದ ಪಾಲ್ಮೇರಾಸ್. ಅದರ ಗೋಲಿ ಲೆಯಾಂವ್, ಹಿಂದಿನ ತಿಂಗಳುಗಳಲ್ಲಷ್ಟೆ ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಗೋಲು ಕಾದವನು.

ಆಗಸ್ಟ್ 10ರ ಮೊದಲ ಪಂದ್ಯ ಮಹಾನಗರದಲ್ಲಿ. ದ್ವಿತೀಯಾರ್ಧದಲ್ಲಿ ಲೆಯಾಂವ್ ತನ್ನ ಬಳಿ ಸುಳಿದ ಹುಡುಗ ಕರೇಕಾನನ್ನು ಹೊಡೆದನೆಂದು ರೆಫರಿ ಅವನನ್ನು ಹೊರಗೆ ಕಳಿಸಿ ಪೆನಾಲ್ಟಿ ಕೊಟ್ಟರು. ಪಾಲ್ಮೇರಾಸ್ ತನ್ನ ಪಾಲಿನ ಬದಲಿ ಆಟಗಾರರನ್ನು ಅಷ್ಟು ಹೊತ್ತಿಗಾಗಲೇ ಇಳಿಸಿಬಿಟ್ಟಿತ್ತು. ಬೇರೆ ದಾರಿ ಕಾಣದೆ ಮುಂಪಂಕ್ತಿಯ ಎಸ್ಕುರೀನ್ಯೊ ಗೋಲಿಯ ಅಂಗಿ ತೊಟ್ಟು ಕಂಬಗಳ ನಡುವೆ ನಿಂತ. ‘ಎಸ್ಕುರೀನ್ಯೊ’ ಎಂದರೆ ‘ಕರಿಯಣ್ಣ’ ಎಂಬಂಥ ಅಡ್ಡಹೆಸರು; ಆ ದೇಶದ ಆಟಗಾರರ ಪಟ್ಟಿಯಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ಜೆನೋನ್ ಪೆನಾಲ್ಟಿಯನ್ನು ಗೋಲಾಗಿಸಿದ. ಮೂರು ದಿನಗಳ ಮೇಲೆ, ಆಗಸ್ಟ್ 13ರಂದು, ಚಿನ್ನದೋಲೆಯಲ್ಲಿ ಎರಡನೆಯ ಪಂದ್ಯ. ಎಚ್ಚರಿಕೆಯ ಚೀಟಿಗಳು ಕೂಡಿಬಂದದ್ದರಿಂದ ಜೆನೋನ್ ಆಡುವಂತಿರಲಿಲ್ಲ. ಕರೇಕಾ ಹೊಡೆದ ಒಂದೇ ಗೋಲಿನಿಂದ ಗ್ವಾರಾನಿ ಗೆದ್ದಿತು, ಬ್ರೆಜಿಲಿನ ಚಾಂಪಿಯನ್ ಆಯಿತು. ಒಳನಾಡಿನ ಊರಿನ ತಂಡವೊಂದಕ್ಕೆ ಆ ಕಿರೀಟ ದೊರೆತದ್ದು ಅದೊಂದೇ ಸಲ. ಅದಕ್ಕೆ ಮೊದಲು ಇಲ್ಲ, 2025ರ ಕೊನೆಯವರೆಗೂ ಮತ್ತೊಮ್ಮೆ ಇಲ್ಲ.

ಕಾದಂಬರಿಕಾರನಾದವನು ಬರೆದಿದ್ದರೆ ಅತಿಯಾಯಿತೆಂದು ನಾವು ಪುಟ ಮುಚ್ಚುತ್ತಿದ್ದ ಒಂದು ಪ್ರಸಂಗ ಮುಂದಿದೆ. 1983ರಲ್ಲಿ ಕರೇಕಾನನ್ನು ಮಹಾನಗರದ ಸಾವೊ ಪೌಲೊ ಸಂಘ ಕೊಂಡುಕೊಂಡಿತು. ಸಣ್ಣ ಊರಿನ ತಂಡದ ಪಾಡೇ ಅದು: ಬೆಳೆಸುವುದು, ಮಾರುವುದು. 1986ರ ರಾಷ್ಟ್ರೀಯ ಪಂದ್ಯಾವಳಿ ಹಿಗ್ಗಿ 1987ರ ಫೆಬ್ರವರಿಯವರೆಗೆ ಎಳೆಯಿತು, ಫೈನಲಿಗೆ ಬಂದದ್ದು ಗ್ವಾರಾನಿ ಮತ್ತು ಸಾವೊ ಪೌಲೊ. ಮೊದಲ ಪಂದ್ಯ 1–1. ಫೆಬ್ರವರಿ 25ರ ರಾತ್ರಿ ಚಿನ್ನದೋಲೆಯಲ್ಲಿ ಎರಡನೆಯದು. ಅದೂ 1–1 ಆಗಿ ಹೆಚ್ಚುವರಿ ಆಟಕ್ಕೆ ಹೋಯಿತು. ಆ ಅರ್ಧ ಗಂಟೆಯ ಅಂಚಿನಲ್ಲಿ ಗ್ವಾರಾನಿ 3–2ರಿಂದ ಮುಂದಿತ್ತು. ಇನ್ನು ಊದಬೇಕಾದ ಸೀಟಿ ಒಂದೇ. ಆ ಕಡೆಯ ಗಳಿಗೆಯಲ್ಲಿ ಚೆಂಡು ಕರೇಕಾನ ಮುಂದೆ ಬಂತು. ಆತ ಅದನ್ನು ಬಲೆಗೆ ಹೊಡೆದ. 3–3. ಪೆನಾಲ್ಟಿಗಳಲ್ಲಿ ಸಾವೊ ಪೌಲೊ 4–3ರಿಂದ ಗೆದ್ದಿತು. ಒಂಬತ್ತು ವರ್ಷಗಳ ಹಿಂದೆ ಇದೇ ಮೈದಾನದಲ್ಲಿ ಊರಿಗೆ ಕಿರೀಟ ತೊಡಿಸಿದ ಹುಡುಗನೇ ಎರಡನೆಯದನ್ನು ತೆಗೆದುಕೊಂಡು ಹೋದ. ಮುಂದೆ ಆತ ಇಟಲಿಯ ನೇಪಲ್ಸಿಗೆ ಹೋಗಿ ಮಾರಡೋನನ ಜೊತೆಯಾಳಾದದ್ದು ಲೋಕಪ್ರಸಿದ್ಧ.

ಅನಂತರದ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು, ಅದರಲ್ಲಿ ಹೆಚ್ಚಿನದು ಸಾಲದ ಚರಿತ್ರೆ. ದೂರದರ್ಶನದ ಹಣ ದೊಡ್ಡ ನಗರಗಳ ತಂಡಗಳತ್ತ ಹರಿಯಿತು. ಒಳನಾಡಿನ ತಂಡಗಳು ಒಣಗಿದವು. ಗ್ವಾರಾನಿ ಒಂದೊಂದೇ ಮೆಟ್ಟಿಲು ಇಳಿಯಿತು. 2015ರಲ್ಲಿ, ಆಟಗಾರರಿಗೂ ನೌಕರರಿಗೂ ತೀರಿಸದ ಬಾಕಿಗಾಗಿ, ಆ ಚಿನ್ನದೋಲೆಯೇ ಹರಾಜಿನ ಕಟ್ಟೆ ಹತ್ತಿತು. ಪೊಂಚಿ ಪ್ರೆತಾ 2013ರಲ್ಲಿ ದಕ್ಷಿಣ ಅಮೆರಿಕದ ‘ಸುಲಾಮೆರಿಕಾನಾ’ ಕಪ್ಪಿನ ಫೈನಲ್ ತಲುಪಿ ಅರ್ಜೆಂಟೀನದ ಲನೂಸ್ ತಂಡಕ್ಕೆ ಸೋತಿತು. 2017ರಲ್ಲಿ ರಾಜ್ಯದ ಫೈನಲಿನಲ್ಲಿ ಮತ್ತೆ ಅದೇ ಕೊರಿಂಥಿಯನ್ಸಿಗೆ ಸೋತಿತು. ನೂರಿಪ್ಪತ್ತು ವರ್ಷ ಕಳೆದರೂ ಒಂದು ದೊಡ್ಡ ಕಪ್ ಇಲ್ಲದ ತಂಡವೆಂದು ಬೂಗ್ರೆಗಳು ಮಕಾಕಾದವರನ್ನು ಛೇಡಿಸುತ್ತಲೇ ಬಂದರು. ತಮ್ಮ 1978ನ್ನು ಅವರು ಮದುವೆಮನೆಯ ಹಿರಿಯರು ಹಳೆಯ ಒಡವೆ ತೋರಿಸುವಂತೆ ತೋರಿಸುತ್ತಿದ್ದರು.

2024ರಲ್ಲಿ ಎರಡು ತಂಡಗಳೂ ಒಟ್ಟಿಗೇ ಎರಡನೆಯ ದರ್ಜೆಯಿಂದ ಮೂರನೆಯದಕ್ಕೆ ಜಾರಿದವು. ಜಗಳವಾಡುತ್ತಲೇ ಬೆಳೆದ ಅಣ್ಣತಮ್ಮಂದಿರು ಕೈಕೈ ಹಿಡಿದು ಬಾವಿಗೆ ಬಿದ್ದಂತಾಯಿತು. 2025ರಲ್ಲಿ ಆ ಮೂರನೆಯ ದರ್ಜೆಯಲ್ಲಿ ಆಡಿ ಪೊಂಚಿ ಪ್ರೆತಾ ಮೇಲೆದ್ದು ಬಂತು. ಅಕ್ಟೋಬರಿನಲ್ಲಿ, ಅಭಿಮಾನಿಗಳು ಇಟ್ಟಿಗೆ ಹೊತ್ತು ಕಟ್ಟಿದ ಅದೇ ಕ್ರೀಡಾಂಗಣದಲ್ಲಿ, ಲೊಂಡ್ರೀನಾ ತಂಡವನ್ನು ಸೋಲಿಸಿ ಆ ದರ್ಜೆಯ ಚಾಂಪಿಯನ್ ಆಯಿತು. ಹುಟ್ಟಿ 125 ವರ್ಷಗಳಾದ ಮೇಲೆ ಅದಕ್ಕೆ ಸಂದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಗ್ವಾರಾನಿಗೆ ಆ ವರ್ಷ ಮೇಲೇಳಲಾಗಲಿಲ್ಲ. ಮೂರನೆಯ ದರ್ಜೆಯ ಕಪ್ ಕೂಡ ಒಂದು ಕಪ್ಪೇ ಎಂದು ಬೂಗ್ರೆಗಳು ಕೇಳಿದರೆ, ಮಕಾಕಾದವರ ಬಳಿ ಈಗ ತೋರಿಸಲು ಒಂದು ಒಡವೆಯಂತೂ ಇದೆ.